‘ಸ್ಟೂಡೆಂಟ್ಸ್ ಆಫ್ ಕಲರ್’ಗೆ ಕನ್ನಡದಲ್ಲಿ ಏನನ್ನಬಹುದು? ‘ಈಕ್ವಿಟಿ’ಗೆ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಅಮೆರಿಕದಲ್ಲಿ. ಇಲ್ಲಿನ ಶಾಲೆಗಳಲ್ಲಿ ನ್ಯಾಯಕ್ಕಾಗಿ ಮುಂದೆ ಬಂದ ಮಕ್ಕಳು ಮತ್ತು ಹೆತ್ತವರ ಬಗ್ಗೆ, ಊರಿಂದ ಬಂದಿರುವ ನಮ್ಮ ಹಿರಿಯರು ಓದಲಿ ಅಂತ ಒಂದು ಬರಹ ಮಾಡುತ್ತಿದ್ದೇನೆ. ‘ಸ್ಟೂಡೆಂಟ್ಸ್ ಆಫ್ ಕಲರ್’, ‘ಲೀಡರ್’, ‘ಈಕ್ವಿಟಿ’, ಈ ಮೂರು ಮಾತಿಗೆ ಕನ್ನಡ ಹುಡುಕುತ್ತಾ ಮೊದಲ ಸಾಲಿನಲ್ಲೇ ನಿಂತುಬಿಟ್ಟೆ.

‘ಸ್ಟೂಡೆಂಟ್ಸ್ ಆಫ್ ಕಲರ್’ ಅಂದರೆ ಕಪ್ಪು ಜನರ ಮಕ್ಕಳು, ಲ್ಯಾಟಿನೋ ಮಕ್ಕಳು, ಮೂಲನಿವಾಸಿಗಳು, ಏಷ್ಯಾದವರು, ಅದರಲ್ಲಿ ನಮ್ಮ ಮಕ್ಕಳೂ ಸೇರಿದರು. ‘ವರ್ಣೀಯ ವಿದ್ಯಾರ್ಥಿಗಳು’ ಅಂತ ಬರೆದು ಹೊಡೆದುಹಾಕಿದೆ. ಯಾಕೆಂದರೆ ಸವರ್ಣೀಯ ಅಂದರೆ ನಮ್ಮಲ್ಲಿ ಮೇಲ್ಜಾತಿಯವರು. ಹೊರಗಿಟ್ಟವರ ಮಾತಾಡಲು ಹೋಗಿ ಹೊರಗಿಟ್ಟವರನ್ನೇ ಬಿಟ್ಟು ಇನ್ನೊಬ್ಬರ ಹೆಸರು ಹಿಡಿದ ಹಾಗಾಗುತ್ತದೆ, ಅಲ್ವಾ? ‘ಬಣ್ಣದ ಮಕ್ಕಳು’ ಅಂದರೆ ಹೋಳಿ ಆಡಿ ಬಂದ ಮಕ್ಕಳು ನೆನಪಾಗುತ್ತಾರೆ. ‘ಬಿಳಿಯರಲ್ಲದ’ ಅನ್ನುವುದು ಎಲ್ಲರಿಗೂ ತಿಳಿಯುತ್ತದೆ, ಆದರೆ ಒಬ್ಬರನ್ನು ‘ಅಲ್ಲದವರು’ ಅಂತಲೇ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ‘ಕಲರ್ಡ್’ ಅನ್ನುವಂತೆಯೂ ಇಲ್ಲ, ಅದು ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ ಇದ್ದ ಕಾಲದ ಮಾತು, ಈಗ ಅವಮಾನ.

‘ಲೀಡರ್’ಗೆ ‘ವಿದ್ಯಾರ್ಥಿ ನಾಯಕ’ ಅಂದರೆ ತರಗತಿಯ ಮಾನಿಟರ್ ಅನ್ನಿಸುತ್ತದೆ. 1951ರಲ್ಲಿ ವರ್ಜೀನಿಯದ ಫಾರ್ಮ್‌ವಿಲ್‌ನಲ್ಲಿ ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಕಪ್ಪು ಹುಡುಗಿ ಮಾಡಿದ್ದು ಆ ಕೆಲಸ ಅಲ್ಲ. ಅವರ ಶಾಲೆಯಲ್ಲಿ ಜಾಗ ಸಾಲದೆ ಟಾರು ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ ನಡೆಯುತ್ತಿತ್ತು. 450ಕ್ಕೂ ಜಾಸ್ತಿ ಮಕ್ಕಳು ಅವಳ ಜೊತೆ ಮುಷ್ಕರ ಹೂಡಿದರು, ಆಮೇಲೆ ಮಕ್ಕಳೂ ಹೆತ್ತವರೂ ಸೇರಿ ಹಾಕಿದ ದಾವೆ, ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಸರ್ಕಾರಿ ಶಾಲೆ ಕೂಡದು ಅಂದ 1954ರ ಬ್ರೌನ್ ತೀರ್ಪಿನ ಐದು ದಾವೆಗಳಲ್ಲಿ ಒಂದಾಯಿತು. ಇಂಥವಳಿಗೆ ‘ಮುಂದಾಳು’ ಅನ್ನುವುದೇ ಸರಿ ಅಂತ ನನ್ನ ಮನಸ್ಸು.

ಜಾಸ್ತಿ ಕಷ್ಟ ‘ಈಕ್ವಿಟಿ’, ಅಂದರೆ ಎಲ್ಲರಿಗೂ ಒಂದೇ ಅಲ್ಲ, ಒಬ್ಬೊಬ್ಬರಿಗೂ ಅವರವರಿಗೆ ಬೇಕಾದ್ದು ಸಿಗುವುದು. ಹಾಗೇ ಬಿಟ್ಟರೆ ಓದುವವರು ಷೇರು ಅಂದುಕೊಳ್ಳುತ್ತಾರೆ. ‘ಸಮಾನತೆ’ ಸಾಲದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳ ಪರವಾಗಿ ದಾವೆ ಹೂಡಿದಾಗ, 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನವಾಗಿ ನೋಡಿಕೊಂಡ ಹಾಗಾಗುವುದಿಲ್ಲ. ಪಾಠವೇ ಅರ್ಥವಾಗದ ಮಗುವಿಗೆ ಆ ಪುಸ್ತಕದಿಂದ ಏನು ಬಂತು?

ಆಸ್ತಿ ಪಾಲಾಗುವಾಗ ನಮ್ಮೂರಲ್ಲಿ ‘ನ್ಯಾಯವಾಗಿ ಬರಬೇಕಾದ್ದು’ ಅನ್ನುತ್ತಾರೆ. ಅದರಿಂದ ‘ನ್ಯಾಯದ ಪಾಲು’ ಅಂತ ಮಾಡಬಹುದೇ? ಅಥವಾ ‘ಸಮತೆ’ ಸಾಕೇ? ‘ಆಫ್ ಕಲರ್’ಗಂತೂ ನನಗೆ ಏನೂ ಹೊಳೆದಿಲ್ಲ, ದಯವಿಟ್ಟು ನಿಮ್ಮೂರ ಕಡೆ ಬಳಸುವ ಮಾತು ಯಾವುದಾದರೂ ಇದ್ದರೆ ತಿಳಿಸಿ.