ಮರದ ಮಹಡಿಯಲ್ಲಿ ಸ್ಪೀಕರ್: ಸ್ಪೈಕ್ ಹಾಕಲೋ, ಸ್ಪ್ರಿಂಗ್ ಹಾಕಲೋ?

ವೀಣೆಮನೆ, ಮೈಸೂರು:
ನಮ್ಮದು ಲಕ್ಷ್ಮೀಪುರಂನ ಹಳೇ ಮನೆ. ಮಹಡಿ ಕೋಣೆಗೆ ತೊಲೆ ಮೇಲೆ ತೇಗದ ಹಲಗೆ ಹಾಸಿದ್ದಾರೆ, ನಡೆದರೆ ಸಣ್ಣಗೆ ಅದುರುತ್ತೆ. ಅಲ್ಲೇ ನನ್ನ ಸ್ಪೀಕರ್ ಜೋಡಿ: ಆರೂವರೆ ಇಂಚಿನ ವೂಫರ್ (ತಗ್ಗಿನ ದನಿ ಕೊಡುವ ದೊಡ್ಡ ಕೋನು), ಒಂದೊಂದು ಒಂಬತ್ತು ಕೆ.ಜಿ., ಕಬ್ಬಿಣದ ಸ್ಟ್ಯಾಂಡ್ ಮೇಲಿವೆ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಹಾಕಿದರೆ ಮೇಲಿನ ಸ್ಥಾಯಿಯ ಮೀಟು, ಗಮಕ ಎಲ್ಲ ಬಿಡಿಬಿಡಿಯಾಗಿ ಕೇಳುತ್ತೆ. ಮಂದ್ರಕ್ಕೆ ಇಳಿದಾಗ ಮೃದಂಗದ ಗುಮ್ಕಿಯೂ (ಎಡಗೈಯ ಗುಂಯ್ ಎನ್ನುವ ತಗ್ಗಿನ ನಾದ) ಸೇರಿತೋ, ಎರಡೂ ಕಲಸಿಹೋಗುತ್ತವೆ. ದಸರಾ ಗೊಂಬೆ ಇಟ್ಟಿರುವ ಬೀರುವಿನ ಗಾಜು ಗಿಲಗಿಲ ಅನ್ನುತ್ತೆ. ಕೆಳಗೆ ಮಲಗಿರುವ ಅತ್ತೆಯವರಿಗೆ ಮಂಚದಲ್ಲೂ ಗೊತ್ತಾಗುತ್ತಂತೆ. ಒಬ್ಬ ಅಂಗಡಿಯವರು ಸ್ಪೈಕ್ (ಕೆಳಗೆ ಹಾಕುವ ಚೂಪು ಲೋಹದ ಕಾಲು) ಹಾಕಿ ಅಂದರು, ಇನ್ನೊಬ್ಬರು ಐಸೋಲೇಷನ್ ಪ್ಲಾಟ್‌ಫಾರಂ, ಅಂದರೆ ಅದುರು ನೆಲಕ್ಕೆ ಇಳಿಯದಂತೆ ತಡೆಯುವ ಸ್ಪ್ರಿಂಗಿನ ಮಣೆ, ತಗೊಳ್ಳಿ ಅಂದರು. ಅದರ ಬೆಲೆ ಸ್ಪೀಕರಿನ ಬೆಲೆಗೇ ಹತ್ತಿರ. ನನಗೆ ಮಂದ್ರದ ತಂತಿ ಸ್ಪಷ್ಟವಾಗಿ ಕೇಳಬೇಕು. ಯಾವುದು ಸರಿ?

ಕುವೆಂಪುನಗರದ ಕೇಳುಗ:
ಮೊದಲು ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ತನ್ನಿ. ನಮ್ಮ ಆರ್‌ಸಿಸಿ ಮನೆಯಲ್ಲಿ ಪ್ಲಾಟ್‌ಫಾರಂ ಇಟ್ಟಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕೇಳಲಿಲ್ಲ, ಜಾಗ ಬದಲಿಸಿದಾಗ ಕೇಳಿತು. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ (ಸೆಕೆಂಡಿಗೆ 47 ಕಂಪನ) ಆಸುಪಾಸಿನ ಬೇಸನ್ನು, ಅಂದರೆ ತಗ್ಗಿನ ದನಿಯನ್ನು, ಕೋಣೆಯೇ ಉಬ್ಬಿಸುತ್ತೆ. ಅದನ್ನು ಯಾವ ಸ್ಪ್ರಿಂಗೂ ತಡೆಯೋದಿಲ್ಲ.

ಮಂಡ್ಯದ ಫಿಟ್ಟರ್:
ಅಕ್ಕ, ಜನರೇಟರ್, ಪಂಪು ಕೂರಿಸೋದೇ ನನ್ನ ಕಸುಬು. ಮೇಲಿನವರು ಗೋಡೆ ಬಗ್ಗೆ ಹೇಳಿದ್ದು ಸರಿ, ಮಾಡಿ. ಆದ್ರೆ ನಿಮ್ಮ ನೆಲ ಬೇರೆ. ವೂಫರ್ ತಳ್ಳಿದ ಜೋರು ಡಬ್ಬ, ಸ್ಟ್ಯಾಂಡ್ ದಾಟಿ ಹಲಗೆಗೆ ಇಳೀತದೆ. ಆಮೇಲೆ ಹಲಗೆಯೇ ಒಂದು ದೊಡ್ಡ ಸ್ಪೀಕರ್ ಆಗಿ ಕೂಗ್ತದೆ, ಗುಮ್ಕಿ ನಿಂತ ಮೇಲೂ ಅದು ನಿಲ್ಲಕ್ಕಿಲ್ಲ. ಹಾಡು ಓಡ್ತಿರೋವಾಗ ಅಂಗೈ ಹಲಗೆ ಮೇಲೆ ಊರಿ ನೋಡಿ, ತಿಳೀತದೆ.

ಸ್ಪೈಕ್ ಬೇಡ. ಅದು ಸ್ಪೀಕರನ್ನ ನೆಲಕ್ಕೆ ಇನ್ನೂ ಬಿಗಿ ಮಾಡ್ತದೆ.

ಸ್ಪ್ರಿಂಗು ಭಾರಕ್ಕೆ ಎಷ್ಟು ಕುಸೀತದೆ ಅನ್ನೋದೇ ಇಲ್ಲಿ ಲೆಕ್ಕ. 4 ಮಿ.ಮೀ. ಕುಸಿದರೆ ಅದರ ಸ್ವಂತ ಕಂಪನ ಸುಮಾರು 8 ಹರ್ಟ್ಸ್. ತಡೆಯೋದು ಅದರ ಒಂದೂವರೆಪಟ್ಟು ಹತ್ತಿರದಿಂದ ಶುರುವಾಗಿ, 40 ಹರ್ಟ್ಸ್ ಹೊತ್ತಿಗೆ ನೆಲಕ್ಕೆ ಹೋಗೋದು ತೀರಾ ಕಮ್ಮಿ. ವಾಷಿಂಗ್ ಮೆಷಿನ್ ಕೆಳಗಿಡೋ ಗಟ್ಟಿ ರಬ್ಬರು ಒಂಬತ್ತು ಕೆ.ಜಿ.ಗೆಲ್ಲಾ ಬಗ್ಗಲ್ಲ. 0.1 ಮಿ.ಮೀ. ಕುಸಿದರೆ 50 ಹರ್ಟ್ಸ್ ಆಯ್ತು, ಬೇಸ್ ಇರೋ ಜಾಗದಲ್ಲೇ ಅದುರು ಇನ್ನೂ ಜಾಸ್ತಿ ಮಾಡ್ತದೆ. ದುಡ್ಡು ಕೊಟ್ಟು ಕೆಡಿಸಿಕೊಂಡಂಗೆ.

ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ಒಂದಡಿ ಚದರ, 20 ಮಿ.ಮೀ. ದಪ್ಪದ್ದು ತಗೊಳ್ಳಿ. ಐದು ಕೆ.ಜಿ. ಬರ್ತದೆ. ಸ್ಪೀಕರ್ ಸೇರಿ ಹದಿನಾಲ್ಕು, ನಾಲ್ಕು ಸ್ಪ್ರಿಂಗಿಗೆ ತಲಾ ಮೂರೂವರೆ. ಆ ಭಾರಕ್ಕೆ 4 ಮಿ.ಮೀ. ಕುಸಿಯೋ ಸ್ಪ್ರಿಂಗನ್ನ ಅಂಗಡೀಲೇ ತೂಕ ಇಟ್ಟು, ಸ್ಕೇಲ್ ಹಿಡಿದು ನೋಡಿ ತನ್ನಿ. ಸ್ಟ್ಯಾಂಡ್ ಮೇಲೆ ಸ್ಪ್ರಿಂಗು, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಸ್ಪೀಕರ್. ವೂಫರಿನ ಮ್ಯಾಗ್ನೆಟ್ ಇರೋ ಮುಂದುಗಡೆ ಭಾರ ಜಾಸ್ತಿ, ಕಲ್ಲು ಮುಂದಕ್ಕೆ ವಾಲಿದ್ರೆ ಸ್ಪ್ರಿಂಗನ್ನೂ ಮುಂದಕ್ಕೆ ಸರಿಸಿ ರಸಮಟ್ಟ ಇಟ್ಟು ನೋಡಿ.

ವೀಣೆಮನೆ:
ತುಂಬಾ ಉಪಕಾರ. ಒಂದು ಅನುಮಾನ: ಸ್ಪ್ರಿಂಗ್ ಮೇಲೆ ಸ್ಪೀಕರೇ ಹಿಂದೆ ಮುಂದೆ ಆಡಿದರೆ ಮೀಟಿನ ಮೊನೆ ಮೊಂಡಾಗೋದಿಲ್ಲವೇ?

ಮಂಡ್ಯದ ಫಿಟ್ಟರ್:
ಇಲ್ಲ ಕಣಕ್ಕ. ಕೋನಿನ ತೂಕ 25 ಗ್ರಾಂ ಅಂತಿಟ್ಕೊಳ್ಳಿ, ಮೇಲಿರೋದು 14 ಕೆ.ಜಿ. ಕೋನು 3 ಮಿ.ಮೀ. ಆಡಿದರೆ ಡಬ್ಬ ಆಡೋದು 0.005 ಮಿ.ಮೀ. ಕಲ್ಲು ಹಾಕಿ ಅಂದಿದ್ದು ಅದ್ಕೇಯ.

ವೀಣೆಮನೆ:
ಹಾಗೇ ಕೂರಿಸಿದೆ. ಹಲಗೆ ಮೇಲೆ ಕೈಯಿಟ್ಟರೆ ಈಗ ಹೆಚ್ಚೇನೂ ಗೊತ್ತಾಗುತ್ತಿಲ್ಲ. ಗುಮ್ಕಿ ಬಂದು ಹೋದಮೇಲೂ ಮಂದ್ರದ ಎಳೆ ಉಳಿದಿರುತ್ತೆ, ಜಾರು ಎಲ್ಲಿಂದ ಎಲ್ಲಿಗೆ ಎಂದು ಹಿಡಿಯಬಹುದು. ಅತ್ತೆಯವರೂ ನೆಮ್ಮದಿಯಾಗಿ ಮಲಗುತ್ತಿದ್ದಾರೆ. ಬೀರುವಿನ ಒಂದು ಗಾಜು ಮಾತ್ರ ದನಿ ಏರಿಸಿದಾಗ ಇನ್ನೂ ಮಿಡಿಯುತ್ತೆ.

ಮಂಡ್ಯದ ಫಿಟ್ಟರ್:
ಅದು ಗಾಳೀಲಿ ಬರೋ ಸದ್ದು, ಸ್ಪ್ರಿಂಗಿಗೆ ಸಿಗಲ್ಲ. ಗಾಜು ಕೂರೋ ಸಂದೀಲಿ ಫೆಲ್ಟ್ ಬಟ್ಟೆ ಚೂರು ಸಿಗಿಸಿ. ಗೊಂಬೆ ನೋಡಕ್ಕೆ ಮಕ್ಕಳು ಬರೋ ಹೊತ್ತಿಗೆ ಸ್ಪೀಕರನ್ನ ಸ್ಪ್ರಿಂಗಿಂದ ಇಳಿಸಿಡಿ, ಕೈ ತಗುಲಿದರೆ ವಾಲ್ತದೆ.