ಸಹಾಯ ಬೇಕು: ಡಿಗ್ ಕಮಾಂಡ್‌ನಲ್ಲಿ ಒಂದೇ ಡೊಮೇನ್‌ಗೆ ಎರಡು ಐಪಿ ವಿಳಾಸ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮ ಮಾವನವರ ಆಲೆಮನೆ ಬೆಲ್ಲ ಮಾರೋ ವೆಬ್‌ಸೈಟನ್ನ ಹೊಸ ಸರ್ವರ್‌ಗೆ ಹಾಕಿದೀವಿ. ಕೆಲವರಿಗೆ ಹೊಸ ಸೈಟ್ ಬರುತ್ತೆ, ಕೆಲವರಿಗೆ ಹಳೇದೇ. ಟಿಟಿಎಲ್ (ಡೊಮೇನ್‌ನ ಐಪಿಯನ್ನ ಬೇರೆ ಸರ್ವರ್‌ಗಳು ನೆನಪಿಟ್ಕೊಳ್ಳೋ ಅವಧಿ) 3600 ಸೆಕೆಂಡ್, ಅಂದ್ರೆ ಒಂದು ಗಂಟೆ. ಅದು ಮುಗಿದು ಯಾವ ಕಾಲ ಆಯ್ತು!

ಸುಮ್ನೆ ಡಿಗ್ (ಡೊಮೇನ್‌ನ ಐಪಿ ಯಾವುದು ಅಂತ ಕೇಳೋ ಕಮಾಂಡ್) ಕೊಟ್ರೆ ಕ್ಯಾಶೆಯಲ್ಲಿ ಉಳಿದಿರೋ ಹಳೇ ಉತ್ತರ ಬರಬಹುದು ಅಂತ, ಅಟ್ ಚಿಹ್ನೆ ಹಾಕಿ ನಮ್ಮ ಡೊಮೇನ್‌ನ ಐಪಿ ಹೇಳೋ ಎರಡೂ ನೇಮ್‌ಸರ್ವರ್‌ಗಳನ್ನೇ ನೇರವಾಗಿ ಕೇಳಿದೆ. ಮೊದಲನೇದು ಹೊಸ ಐಪಿ ಕೊಡುತ್ತೆ, ಎರಡನೇದು ಹಳೇದು. ಎರಡು ಉತ್ತರದಲ್ಲೂ ‘ಎಎ’ ಫ್ಲ್ಯಾಗ್ (ಕ್ಯಾಶೆಯದ್ದಲ್ಲ, ಅಧಿಕೃತ ಉತ್ತರ ಅನ್ನೋ ಗುರುತು) ಇದೆ. ಎಸ್‌ಒಎ ಸೀರಿಯಲ್ (ಝೋನ್, ಅಂದ್ರೆ ಡೊಮೇನ್‌ನ ರೆಕಾರ್ಡ್‌ಗಳ ಪಟ್ಟಿ, ಅದರ ಆವೃತ್ತಿ ಸಂಖ್ಯೆ) ಮಾತ್ರ ಎರಡರಲ್ಲೂ ಒಂದೇ. ರೆಕಾರ್ಡ್ ಬದಲಾಯಿಸಿ ಸೀರಿಯಲ್ ಏರಿಸಿಲ್ಲ, ಅದಕ್ಕೇ ಎರಡನೇದು ಹೊಸ ಝೋನ್ ಎಳ್ಕೊಂಡಿಲ್ಲ ಅಂತ ನನ್ನ ಅನುಮಾನ.

ಡೊಮೇನ್ ಕಂಪನಿಯವರದ್ದು ‘ಬ್ರೌಸರ್ ಕ್ಯಾಶೆ ಕ್ಲಿಯರ್ ಮಾಡಿ ಸರ್’ ಅಂತ ಒಂದೇ ರಾಗ. ನನ್ನ ಲೆಕ್ಕ ಸರೀನಾ? ಅವರಿಗೆ ತೋರಿಸೋಕೆ ಇನ್ಯಾವ ಡಿಗ್ ಔಟ್‌ಪುಟ್ ಕಳಿಸ್ಲಿ?