ಅಪ್‌ಡೇಟ್: ಚಿಪ್ಪಿನ ಮೇಲಿದ್ದ ಕಂದು ಕುಚ್ಚು ಪಾಚಿ ಅಲ್ಲ!

ಅಘನಾಶಿನಿ ಅಳಿವೆಯಿಂದ ದಾವಣಗೆರೆಗೆ ತಂದ ಚಿಪ್ಪಿನ ಮೇಲಿನ ಕಂದು ಕುಚ್ಚು ಏನು ಅಂತ ಹೋದ ವಾರ ಕೇಳಿದ್ದೆನಲ್ಲ, ಅದು ಹೈಡ್ರಾಯ್ಡ್, ಅಂದರೆ ಗಿಡದ ಹಾಗೆ ಕವಲೊಡೆದು ಬೆಳೆಯುವ, ಜೆಲ್ಲಿ ಮೀನಿನ ಬಳಗದ ಪುಟ್ಟ ಪ್ರಾಣಿ. "ಅಲ್ಲಿನ ನೀರಲ್ಲೇ ಇಟ್ಟು, ಅಲುಗಾಡಿಸದೆ ಬಿಡಿ" ಅಂದವರ ಸಲಹೆ ಫಲಿಸಿತು. ಅರ್ಧ ಗಂಟೆ ಬಿಟ್ಟು ಲೆನ್ಸ್ ಹಿಡಿದರೆ, ಕವಲಿನ ತುದಿಗೆಲ್ಲ ಗಾಜಿನಂಥ ಪುಟ್ಟ ಬಟ್ಟಲು, ಅದರಿಂದ ಹೊರಚಾಚಿದ ಕರಬಳ್ಳಿಗಳು! ಸೂಜಿ ತಾಗಿಸಿದೆ, ಸರಕ್ಕನೆ ಒಳಗೆ. ಹೈಡ್ರಾಯ್ಡ್‌ಗಳಲ್ಲಿ ಬಟ್ಟಲಿದ್ದರೆ ಲೆಪ್ಟೊಥೆಕಾಟಾ ಎಂಬ ಗಣ, ಇಲ್ಲದಿದ್ದರೆ ಹೆಚ್ಚಾಗಿ ಆಂಥೊಅಥೆಕಾಟಾ. ಜಾತಿ ಮಾತ್ರ ಗೊತ್ತಾಗಲಿಲ್ಲ.

"ನಲ್ಲಿ ನೀರಲ್ಲಿಡಿ" ಅನ್ನೋ ಸಲಹೆಯೂ ಬಂದಿತ್ತು, ಅದು ಮಾತ್ರ ಕೈಕೊಟ್ಟಿತು. ಅದರಲ್ಲಿಟ್ಟ ತುಂಡು ಸತ್ತೇ ಹೋಯ್ತು, ಪಾಪ.

ಇನ್ನೊಂದು ಮಜಾ. ಕೆಲವು ಹೈಡ್ರಾಯ್ಡ್‌ಗಳು ಮೊಗ್ಗಿನ ಹಾಗೆ ಪುಟಾಣಿ ಜೆಲ್ಲಿ ಮೀನುಗಳನ್ನು ಬಿಡುತ್ತವೆ. ಹಿಂದೆ ಎರಡನ್ನೂ ಬೇರೆ ಪ್ರಾಣಿ ಅಂದುಕೊಂಡು ಎರಡೆರಡು ಹೆಸರಿಟ್ಟಿದ್ದರಂತೆ! ಸಿಹಿನೀರಿನ ಹೈಡ್ರಾ, ಪಿಯುಸಿಯಲ್ಲಿ ಚಿತ್ರ ಬಿಡಿಸಿದ್ದೆವಲ್ಲ, ಇವುಗಳ ದಾಯಾದಿಯೇ.